ಹುಡುಕೋ ಆಟದಲ್ಲಿ ಹುಡುಕೋಕೆ ಬಿಡಿ, ಸತಾಯಿಸಬೇಡಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಹದಿನೆಂಟು ವರ್ಷದಿಂದ ನಿಮ್ಮ ಪೇಪರ್ ತರಿಸ್ತಾ ಇದ್ದೀನಿ, ಪತ್ರ ಬರೀತಿರೋದು ಇದೇ ಮೊದಲು. ನಿಮ್ಮಲ್ಲಿ ಗೇಮ್ ಬಗ್ಗೆ ಏನಾದ್ರೂ ಬಂತು ಅಂದ್ರೆ ಒಂದೋ ರಮ್ಮಿಲಿ ಯಾರೋ ದುಡ್ಡು ಕಳ್ಕೊಂಡ ಸುದ್ದಿ, ಇಲ್ಲಾಂದ್ರೆ ಹುಡುಗರು ರಾತ್ರಿಯೆಲ್ಲಾ ಗನ್ ಹಿಡಿದು ಸುಡೋ ಆಟ ಆಡಿ ಓದು ಹಾಳು ಮಾಡ್ಕೊಂಡ್ರು ಅನ್ನೋ ಲೇಖನ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ದುಡ್ಡಿಟ್ಟು ಆಡೋ ಆನ್‌ಲೈನ್ ಆಟ ನಿಷೇಧ ಮಾಡೋ ಕಾಯ್ದೆ ತಂದಾಗ ದಿನಾ ಅದೇ ಸುದ್ದಿ ಇತ್ತು, ಬರೀಬೇಕಾದ್ದೇ, ಅದರಲ್ಲಿ ನನ್ನ ತಕರಾರಿಲ್ಲ. ಆದ್ರೆ ನಮ್ಮಂಥ ಮನೆಗಳಲ್ಲಿ ಅಡುಗೆ ಮುಗಿಸಿ ಮಧ್ಯಾಹ್ನ ಅರ್ಧ ಗಂಟೆ ಕೂತು ಆಡೋ ಇನ್ನೊಂದು ಜಾತಿ ಆಟ ಇದೆ, ಹಿಡನ್ ಆಬ್ಜೆಕ್ಟ್ ಅಂತಾರೆ, ಚಿತ್ರದೊಳಗೆ ಅಡಗಿಸಿಟ್ಟ ಸಾಮಾನು ಹುಡುಕಿ ಒಗಟು ಬಿಡಿಸ್ತಾ ಒಂದು ಕತೆ ಮುಂದಕ್ಕೆ ತಗೊಂಡು ಹೋಗೋದು. ಅದರಲ್ಲಿ ಯಾವುದು ಚೆನ್ನಾಗಿದೆ, ಯಾವುದು ತಲೆ ಕೆಡಿಸುತ್ತೆ, ಯಾಕೆ ಕೆಡಿಸುತ್ತೆ ಅಂತ ಕನ್ನಡದಲ್ಲಿ ಒಬ್ರೂ ಬರೆದಿದ್ದು ನಾನು ನೋಡಿಲ್ಲ. ಅದಕ್ಕೇ ಬರೀತಿದೀನಿ. ಪತ್ರ ಉದ್ದ ಆಗುತ್ತೆ, ಜಾಗ ಇಲ್ಲಾಂದ್ರೆ ಕತ್ತರಿಸಿ ಹಾಕಿ, ಆದ್ರೆ ಅಮ್ಮನ ವಿಷಯ ಮಾತ್ರ ಬಿಡಬೇಡಿ.

ನಾನು ಹಾಸನದಲ್ಲಿರೋದು, ಅಮ್ಮ ನನ್ನ ಜೊತೆಗೇ ಇದ್ದಾರೆ, ಅವರಿಗೀಗ 76. ಓದಿರೋದು ನಾಲ್ಕನೇ ಕ್ಲಾಸು, ಇಂಗ್ಲಿಷ್ ಬರಲ್ಲ. 2010ರಲ್ಲಿ ಅಣ್ಣನ ಮಗ ರಜಕ್ಕೆ ಬಂದವನು ನಮ್ಮನೆ ಕಂಪ್ಯೂಟರಿಗೆ ಒಂದು ಆಟ ಹಾಕಿಕೊಟ್ಟು ಹೋದ. ಅಮೆರಿಕದ ಸಿಯಾಟಲ್‌ನ ಬಿಗ್ ಫಿಶ್ ಗೇಮ್ಸ್ ಅನ್ನೋ ಕಂಪನಿದು, ಆಗ ಅವರ ಯಾವ ಆಟ ಇಳಿಸಿಕೊಂಡ್ರೂ ಮೊದಲ 60 ನಿಮಿಷ ಫ್ರೀ, ಆಮೇಲೆ ಬೇಕಾದ್ರೆ ದುಡ್ಡು ಕೊಟ್ಟು ಪೂರ್ತಿ ತಗೋಬಹುದು. ನಾನು ಒಬ್ಬಳೇ ಆಡ್ತಿದ್ದೆ. ಒಂದು ದಿನ ಪರದೆ ಮೇಲೆ ಹಳೇ ಮನೆಯ ರೂಮು, ತುಂಬಾ ಸಾಮಾನು, ಪಕ್ಕದಲ್ಲಿ ಹನ್ನೆರಡು ಹೆಸರಿನ ಲಿಸ್ಟು. ಹನ್ನೊಂದು ಸಿಕ್ಕಿತ್ತು, ಕತ್ತರಿ ಒಂದು ಸಿಕ್ತಿಲ್ಲ. ಹತ್ತು ನಿಮಿಷ ಹುಡುಕಿದೆ. ಅಮ್ಮ ಹಿಂದೆ ಹುರುಳಿಕಾಯಿ ನಾರು ತೆಗೀತಾ ಕೂತಿದ್ರು, "ಏನೇ ಹುಡುಕ್ತಿದೀಯ" ಅಂದ್ರು, "ಕತ್ತರಿ ಕಣಮ್ಮ" ಅಂದೆ, ಅವರು ಕನ್ನಡಕ ಏರಿಸಿ ಒಂದ್ಸಲ ನೋಡಿ "ಅಲ್ನೋಡೇ, ಮೆಟ್ಟಿಲ ಕಟಕಟೆಲಿ" ಅಂದ್ರು. ಮೆಟ್ಟಿಲ ಪಕ್ಕದ ಕಬ್ಬಿಣದ ಕಟಕಟೆಗೆ ಬಳ್ಳಿ ಬಳ್ಳಿ ಡಿಸೈನ್ ಇತ್ತು, ಆ ಎರಡು ಸುರುಳಿನೇ ಕತ್ತರಿಯ ಹಿಡಿ, ಕೆಳಗಿನ ಎರಡು ಸರಳೇ ಅಲಗು. ನಾನು ಅಷ್ಟು ಹೊತ್ತು ಅದರ ಮೇಲೇ ಕಣ್ಣಾಡಿಸ್ತಿದ್ದೆ.

ಅಮ್ಮನಿಗೆ ಆ ಕಣ್ಣು ಎಲ್ಲಿಂದ ಬಂತು ಅಂತ ಆಮೇಲೆ ಯೋಚನೆ ಮಾಡಿದೆ. ಅವರು ಐವತ್ತು ವರ್ಷ ಮೊರದಲ್ಲಿ ಅಕ್ಕಿ ಆರಿಸಿದೋರು. ಬಿಳೀ ಅಕ್ಕಿಲಿ ಬಿಳೀ ಕಲ್ಲು, ರಾಗಿಲಿ ಅದೇ ಬಣ್ಣದ ಮಣ್ಣುಂಡೆ, ಉದ್ದಿನಬೇಳೆಲಿ ಒಂದೇ ಒಂದು ನುಸಿ. ಕಣ್ಣಿನ ಬಗ್ಗೆ ಓದಿದಾಗ ಗೊತ್ತಾಯ್ತು, ನಮಗೆ ಒಂದು ಸಲಕ್ಕೆ ಚೊಕ್ಕವಾಗಿ ಕಾಣೋ ಜಾಗ ಬಹಳ ಚಿಕ್ಕದು, ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿದರೆ ಆ ಉಗುರಿನಷ್ಟಗಲ, ಉಳಿದಿದ್ದೆಲ್ಲಾ ಮಸುಕು, ಮಿದುಳು ತುಂಬಿಕೊಳ್ಳುತ್ತೆ ಅಷ್ಟೇ. ಹಸಿರು ಎಲೆಗಳ ನಡುವೆ ಒಂದು ಕೆಂಪು ಹೂ ಇದ್ದರೆ ಅದು ತಾನೇ ಎದ್ದು ಬರುತ್ತೆ, ಹುಡುಕೋದೇ ಬೇಡ. ಆದ್ರೆ ಕೆಂಪು ಹೂ, ಕೆಂಪು ಎಲೆ, ಹಸಿರು ಹೂ ಎಲ್ಲಾ ಬೆರೆಸಿಟ್ಟು ಹಸಿರು ಎಲೆ ಒಂದೇ ಒಂದು ಹುಡುಕು ಅಂದ್ರೆ ಕಣ್ಣು ಒಂದೊಂದನ್ನೇ ಮುಟ್ಟಿ ಮುಟ್ಟಿ ನೋಡಬೇಕಾಗುತ್ತೆ. ಆನ್ ಟ್ರೀಸ್ಮನ್ ಅನ್ನೋ ಮನಃಶಾಸ್ತ್ರಜ್ಞೆ ತನ್ನ ಸಹೋದ್ಯೋಗಿ ಜೊತೆ 1980ರಲ್ಲೇ ಇದನ್ನ ಪ್ರಯೋಗ ಮಾಡಿ ತೋರಿಸಿದ್ರು. ಒಳ್ಳೇ ಗೇಮ್ ಮಾಡೋರು ಇದನ್ನೇ ಬಳಸ್ಕೊತಾರೆ. ಕತ್ತರಿನ ಕತ್ತಲಲ್ಲಿ ಹೂತಿಡಲ್ಲ, ಕತ್ತರಿ ತರಾನೇ ಇರೋ ಇನ್ನೊಂದರ ಪಕ್ಕ ಇಡ್ತಾರೆ. ಸಿಕ್ಕಾಗ "ಅಯ್ಯೋ, ಇಲ್ಲೇ ಇತ್ತಲ್ಲಾ" ಅನ್ನಿಸಬೇಕು. ನಮ್ಮ ಒಗಟು ಇದ್ಯಲ್ಲ, ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ ಅಂದ್ರೆ ಮಲ್ಲಿಗೆ ಹೂ, ಉತ್ತರ ಕೇಳಿದ ಮೇಲೆ ಹಣೆ ಹಣೆ ಚಚ್ಚಿಕೊಳ್ತೀವಲ್ಲ, ಅದೇ ಖುಷಿ.

ಇದನ್ನ ನಮ್ಮ ಜಿಲ್ಲೆಲೇ ಕಲ್ಲಲ್ಲಿ ಕೆತ್ತಿಟ್ಟಿದಾರೆ. ಬೇಲೂರು ಚನ್ನಕೇಶವ ದೇವಸ್ಥಾನಕ್ಕೆ ಹೋದೋರಿಗೆಲ್ಲಾ ಗೈಡ್‌ಗಳು ಒಬ್ಬ ಮದನಿಕೆ ಮುಂದೆ ನಿಲ್ಲಿಸಿ ಮೇಲೆ ನೋಡಿ ಅಂತಾರೆ. ಮದನಿಕೆ ನೋಡ್ತೀವಿ, ಆಭರಣ ನೋಡ್ತೀವಿ, ಬಳ್ಳಿ ನೋಡ್ತೀವಿ, ಅವರು ಬೆರಳು ತೋರಿಸಿದ ಮೇಲೆನೇ ಕಾಣೋದು, ಮೇಲಿರೋ ಹಲಸಿನ ಹಣ್ಣಿನ ಮೇಲೆ ಒಂದು ನೊಣ ಕೂತಿದೆ, ಅದನ್ನ ಹಿಡಿಯಕ್ಕೆ ಹಲ್ಲಿ ಹೊಂಚು ಹಾಕಿದೆ. 1117ರಲ್ಲಿ ಪ್ರತಿಷ್ಠೆ ಆದ ಗುಡಿ, ಇವತ್ತಿಗೂ ಬಿಸಿಲಲ್ಲೇ ಇದೆ, ಯಾವ ಪರದೆನೂ ಮುಚ್ಚಿಲ್ಲ, ಆದ್ರೂ ನೂರು ಜನ ದಾಟಿಕೊಂಡು ಹೋಗ್ತಾರೆ. ನಾನು ಚಿಕ್ಕವಳಿದ್ದಾಗ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ರು, ಕಂಡ ತಕ್ಷಣ ಜೋರಾಗಿ ಕೂಗಿಬಿಟ್ಟಿದ್ದೆ. ಕೆತ್ತಿದವನು ನೋಡೋನ ಕಣ್ಣಿನ ಮೇಲೆ ನಂಬಿಕೆ ಇಟ್ಟು ಬಚ್ಚಿಟ್ಟಿದಾನೆ. ನನಗೆ ಗೇಮ್‌ನಲ್ಲಿ ಬೇಕಾಗಿರೋದು ಅಷ್ಟೇ.

ಈಗ ತಲೆ ಕೆಡಿಸೋ ಕಡೆ ಬರ್ತೀನಿ. ಸುಮಾರು ಆಟಗಳಲ್ಲಿ ಬಚ್ಚಿಡೋಕೆ ಬರದೇ ಇರೋದಕ್ಕೆ ಕತ್ತಲು ಮಾಡ್ತಾರೆ. ಇಡೀ ರೂಮು ಕಪ್ಪು, ಕಪ್ಪು ಮೇಜಿನ ಮೇಲೆ ಕಪ್ಪು ಗ್ಲೌಸು, ಅದರ ತುದಿ ಒಂದು ಬೆರಳಷ್ಟು ಮಾತ್ರ ಪೆಟ್ಟಿಗೆ ಹಿಂದಿಂದ ಇಣುಕ್ತಿರುತ್ತೆ. ಅದು ಗ್ಲೌಸಾ ಚಿಂದಿ ಬಟ್ಟೆನಾ ಅಂತ ದೇವರಿಗೇ ಗೊತ್ತು. ಅಳತೆನೂ ಅಷ್ಟೇ, ಒಂದು ಕಡೆ ಇರುವೆಗಿಂತ ಚಿಕ್ಕ ಬಸ್ಸು, ಇನ್ನೊಂದು ಕಡೆ ಗೋಡೆ ಎತ್ತರದ ಗುಂಡುಸೂಜಿ. ಗೋಡೆ ಎತ್ತರದ ಗುಂಡುಸೂಜಿ ಒಂದ್ಸಲ ತಮಾಷೆಯಾಗಿರುತ್ತೆ, ಪ್ರತಿ ಸಲ ಹಾಗೇ ಮಾಡಿದ್ರೆ ಕಣ್ಣಿಗೆ ಏನು ಹುಡುಕಬೇಕು ಅನ್ನೋದೇ ಮರೆತುಹೋಗುತ್ತೆ. ಕಂಪ್ಯೂಟರಿಗೆ ಅಂತ ಬರೆದ ಚಿತ್ರನೇ ಹಾಗೇ ಫೋನಿಗೆ ಕುಗ್ಗಿಸಿ ಹಾಕೋರೂ ಇದ್ದಾರೆ, ಜೂಮ್ ಕೂಡ ಕೊಟ್ಟಿರಲ್ಲ. ಇನ್ನು ಸಿಕ್ಕಾಪಟ್ಟೆ ಒತ್ತಿದ್ರೆ ಶಿಕ್ಷೆ, ಮೂರು ನಾಲ್ಕು ಸಲ ತಪ್ಪು ಜಾಗ ಮುಟ್ಟಿದ್ರೆ ಕರ್ಸರ್ ಅಲ್ಲಾಡಿಸಿ ಸ್ವಲ್ಪ ಹೊತ್ತು ಆಟ ನಿಲ್ಲಿಸ್ತಾರೆ. ಕಣ್ಣುಮುಚ್ಚಿ ಒತ್ತೋರನ್ನ ತಡೆಯಕ್ಕೆ ಅದು ಬೇಕು ಅಂತ ನಾನೂ ಒಪ್ತೀನಿ, ಆದ್ರೆ ಅಮ್ಮನ ಬೆರಳು ಸ್ವಲ್ಪ ನಡುಗುತ್ತೆ, ಸರಿಯಾದ ವಸ್ತುನೇ ನೋಡಿರ್ತಾರೆ, ಅದರ ಪಕ್ಕಕ್ಕೆ ಬೆರಳು ಬೀಳುತ್ತೆ, ಅದಕ್ಕೆ ದಂಡ ಹಾಕಿದ್ರೆ ಅವರಿಗೆ ತಾನು ನೋಡಿದ್ದೇ ತಪ್ಪೇನೋ ಅನ್ನೋ ಅನುಮಾನ ಬರುತ್ತೆ. ನಾನು ಯಾವ ಹೊಸ ಆಟ ಹಾಕಿದ್ರೂ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಈ ದಂಡ ತೆಗೆಯಕ್ಕೆ ಆಗುತ್ತಾ, ಸಿಗದ ವಸ್ತು ಎಲ್ಲಿದೆ ಅಂತ ತೋರಿಸೋ ಹಿಂಟ್ ಗುಂಡಿ ಒಂದ್ಸಲ ಬಳಸಿದ ಮೇಲೆ ಎಷ್ಟು ಹೊತ್ತಿಗೆ ಮತ್ತೆ ತುಂಬುತ್ತೆ ಅಂತ ನೋಡ್ತೀನಿ. ಸುಲಭದಿಂದ ಕಷ್ಟದವರೆಗೆ ಕ್ಯಾಶುಯಲ್, ಅಡ್ವಾನ್ಸ್ಡ್, ಹಾರ್ಡ್ ಅಂತ ಆಯ್ಕೆ ಕೊಟ್ಟಿರೋ ಆಟ ಆದ್ರೆ ನೆಮ್ಮದಿ.

ಕತ್ತಲ ವಿಷಯಕ್ಕೆ ಒಂದು ಮಾತು ಸೇರಿಸಲೇಬೇಕು. ನಾಲ್ಕು ವರ್ಷದ ಹಿಂದೆ ಅಮ್ಮ ಇದ್ದಕ್ಕಿದ್ದ ಹಾಗೆ ಸಿಗಬೇಕಾದ್ದನ್ನೆಲ್ಲಾ ಬಿಡೋಕೆ ಶುರು ಮಾಡಿದ್ರು. ಬಿಳೀ ಗರಿ, ನೀಲಿ ಬಾಟ್ಲಿ, ಇಂಥವು. ನಾನು ಆಟದ್ದೇ ತಪ್ಪು ಅಂತ ಎರಡು ಆಟ ಬದಲಾಯಿಸಿದೆ. ಆಮೇಲೆ ನಾವು ಹಿಂದೆ ಆಡಿ ಮುಗಿಸಿದ್ದ ಹಳೇ ಆಟ ಹಾಕಿದೆ, ಅದರಲ್ಲೂ ಸಿಗಲಿಲ್ಲ. ಆವಾಗ ನನಗೆ ದಿಗಿಲಾಯ್ತು. ಡಾಕ್ಟರ್ ಹತ್ರ ಕರ್ಕೊಂಡು ಹೋದೆ, ಎರಡೂ ಕಣ್ಣಿಗೂ ಪೊರೆ ಬಂದಿತ್ತು. ಪೊರೆ ಬಂದಾಗ ಲೆನ್ಸ್ ಹಳದಿ ತಿರುಗಿ ನೀಲಿ ಬಣ್ಣ ಮಂಕಾಗುತ್ತಂತೆ, ಮೆಲ್ಲಗೆ ಆಗೋದ್ರಿಂದ ಅವರಿಗೇ ಗೊತ್ತಾಗಿರಲ್ಲ. ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಒಂದು ವಾರಕ್ಕೆ ಮತ್ತೆ ಅದೇ ಆಟ ಹಾಕಿಕೊಟ್ಟೆ, ಅಮ್ಮ ಹುಡುಕೋದೇ ಬಿಟ್ಟು "ಈ ಗೋಡೆ ನೀಲಿಯೇನೇ, ನಾನು ಬೂದಿ ಬಣ್ಣ ಅಂದ್ಕೊಂಡಿದ್ದೆ" ಅಂತ ನೋಡ್ತಾ ಕೂತ್ರು. ಆ ದಿನದಿಂದ ನನಗೆ ಈ ಆಟದ ಮೇಲೆ ಬೇರೆನೇ ಗೌರವ ಬಂದಿದೆ. ಅದೇ ಕಾರಣಕ್ಕೆ, ವಯಸ್ಸಾದೋರು ಇಷ್ಟು ಜನ ಆಡೋ ಆಟಕ್ಕೆ ಬೆಳಕು ಜಾಸ್ತಿ ಮಾಡ್ಕೊಳ್ಳೋ ಒಂದು ಗುಂಡಿ ಇಡಲ್ಲ ಅಂದ್ರೆ ನನಗೆ ಬೇಜಾರಾಗುತ್ತೆ.

ಹೆಸರಿನ ಲಿಸ್ಟಿಂದು ಇನ್ನೊಂದು ಗೋಳು. ಲಿಸ್ಟ್ ಓದಿ ಕನ್ನಡದಲ್ಲಿ ಹೇಳೋದು ನನ್ನ ಕೆಲಸ, ಹುಡುಕೋದು ಅಮ್ಮನ ಕೆಲಸ. ಬೋ ಅಂತ ಇದ್ರೆ ಅದು ಬಿಲ್ಲೂ ಆಗಬಹುದು, ರಿಬ್ಬನ್ ಗಂಟೂ ಆಗಬಹುದು, ಪಿಟೀಲಿನ ಕಮಾನೂ ಆಗಬಹುದು. ಕ್ರೇನ್ ಅಂದ್ರೆ ಕೊಕ್ಕರೆನೂ ಹೌದು, ಭಾರ ಎತ್ತೋ ಯಂತ್ರಾನೂ ಹೌದು. ಬ್ಯಾಟ್ ಅಂದ್ರೆ ನಮ್ಮ ಕಣ್ಣು ಕ್ರಿಕೆಟ್ ಬ್ಯಾಟ್ ಹುಡುಕುತ್ತೆ, ಅಲ್ಲಿ ಬಾವಲಿ ನೇತಾಡ್ತಿರುತ್ತೆ. ಇದು ನನಗೆ ಇಷ್ಟಾನೇ, ಇದರಲ್ಲಿ ಒಂದು ಚಮತ್ಕಾರ ಇದೆ. ಇಷ್ಟ ಆಗದೇ ಇರೋದು ಎರಡೂ ಚಿತ್ರದಲ್ಲಿದ್ದು ಒಂದಕ್ಕೆ ಮಾತ್ರ ಸರಿ ಅನ್ನೋದು. ನಟ್ ಅಂತ ಇತ್ತು ಒಂದ್ಸಲ, ಬೋಲ್ಟ್ ಪಕ್ಕದಲ್ಲಿ ಚೆನ್ನಾಗಿ ಕಾಣೋ ಹಾಗೆ ನಟ್ ಇತ್ತು, ಒತ್ತಿದ್ರೆ ತಗೊಳ್ತಿಲ್ಲ, ಅವರಿಗೆ ಬೇಕಾಗಿದ್ದು ಆಕ್ರೋಟು. ಕೆಲವು ವಸ್ತು ನಾವು ಜನ್ಮದಲ್ಲಿ ನೋಡಿಲ್ಲ. ಏಕಾರ್ನ್ ಅಂದ್ರೆ ಓಕ್ ಮರದ ಕಾಯಿ, ವೆದರ್‌ವೇನ್ ಅಂದ್ರೆ ಮನೆ ಮಾಡಿನ ಮೇಲೆ ಗಾಳಿ ದಿಕ್ಕು ತೋರಿಸೋ ಹುಂಜ, ಥಿಂಬಲ್ ಅಂದ್ರೆ ಹೊಲಿಯುವಾಗ ಬೆರಳಿಗೆ ಹಾಕೋ ಟೋಪಿ. ಇವನ್ನೆಲ್ಲಾ ನಾನು ಕಲಿತಿದ್ದು ಈ ಆಟದಿಂದಲೇ, ಅದಕ್ಕೆ ಋಣಿ. ಆದ್ರೆ ಹೆಸರಿನ ಬದಲು ವಸ್ತುವಿನ ನೆರಳು ಚಿತ್ರ ಕೊಡೋ ಆಟಗಳೂ ಇವೆ, ಅವು ಬಂದ್ರೆ ಅಮ್ಮನಿಗೆ ನಾನು ಬೇಕಾಗೇ ಇಲ್ಲ. ಅಂಥ ದಿನ ಫೋನು ಅವರ ಕೈಲಿ, ನಾನು ಪಕ್ಕದಲ್ಲಿ.

ಹಳೇ ಕಾಲದ್ದು ಸ್ವಲ್ಪ ಹೇಳಿಬಿಡ್ತೀನಿ. ನಮ್ಮ ಮಕ್ಕಳ ಪುಸ್ತಕಗಳಲ್ಲಿ ಆರು ವ್ಯತ್ಯಾಸ ಗುರುತಿಸಿ, ಮೊಲಕ್ಕೆ ದಾರಿ ತೋರಿಸಿ ಅಂತ ಬರ್ತಿತ್ತಲ್ಲ, ಇದರ ಬೇರು ಅಂಥದ್ದೇ. ಇಂಗ್ಲೆಂಡಿನಲ್ಲಿ 1987ರಲ್ಲಿ ಕೆಂಪು ಬಿಳಿ ಪಟ್ಟೆ ಅಂಗಿ ಹಾಕಿದ ಒಬ್ಬನನ್ನ ಜನಜಂಗುಳಿಲಿ ಹುಡುಕೋ ಪುಸ್ತಕ ಬಂತು. ಕಂಪ್ಯೂಟರಲ್ಲಿ ಇದು ಮನೆಮಾತಾಗಿದ್ದು 2005ರಲ್ಲಿ ಬಿಗ್ ಫಿಶ್‌ನೋರು ಮಿಸ್ಟರಿ ಕೇಸ್ ಫೈಲ್ಸ್ ಸರಣಿಯ ಮೊದಲನೇದು, ಹಂಟ್ಸ್‌ವಿಲ್ ತಂದಾಗ. ಮಾರನೇ ವರ್ಷ ರೇವನ್‌ಹರ್ಸ್ಟ್ ಬಂತು, ಎಮ್ಮಾ ಅನ್ನೋ ಹೆಣ್ಣುಮಗಳ ಹರಿದ ಡೈರಿ ಹಾಳೆ ಜೋಡಿಸ್ತಾ ಹೋಗೋದು. ಮೊದಮೊದಲು ಬರೀ ಲಿಸ್ಟು, ಟೈಮರು, ಅಷ್ಟೇ. ಆಮೇಲೆ ಮೆಲ್ಲಗೆ ಸಾಹಸದ ಆಟ ಅದಕ್ಕೆ ಸೇರ್ಕೊಂಡು ಒಂದು ರೂಮಿಂದ ಇನ್ನೊಂದಕ್ಕೆ ಓಡಾಡೋದು, ಸಿಕ್ಕ ಸಾಮಾನು ಜೋಪಾನ ಮಾಡಿ ಬೇರೆ ಕಡೆ ಬಳಸೋದು, ಬೀಗಕ್ಕೊಂದು ಒಗಟು, ಹೀಗೆ ಬೆಳೀತು. ಪೋಲೆಂಡಿನ ಆರ್ಟಿಫೆಕ್ಸ್ ಮುಂಡಿ ಅನ್ನೋರು 2012ರಲ್ಲಿ ತಂದ ಒಂದು ಕಡಲುಗಳ್ಳರ ಆಟದಲ್ಲಿ ಮ್ಯೂಸಿಯಂ ನೋಡ್ಕೊಳ್ಳೋ ಹೆಂಗಸಿನ ಮಗಳನ್ನ ಸತ್ತು ಎದ್ದ ಕಡಲುಗಳ್ಳ ಎತ್ತಿಕೊಂಡು ಹೋಗ್ತಾನೆ, ತಾಯಿ ಹುಡುಕಿಕೊಂಡು ಹಡಗು ಹತ್ತುತ್ತಾಳೆ. ಅದನ್ನ ಆಡೋವಾಗ ಅಮ್ಮ ಅರ್ಧಕ್ಕೆ ಎದ್ದು ಹೋಗಿ ಹಾಲು ಕಾಯಿಸಿ ಬಂದು ಮೊದಲು ಕೇಳ್ತಿದ್ದ ಮಾತು "ಆ ಮಗು ಸಿಕ್ತೇನೇ?" ಅಂತ. ಎಷ್ಟು ಸಾಮಾನು ಸಿಕ್ತು ಅಂತ ಅಲ್ಲ. ಕತೆ ಹಿಡಿದಿಟ್ಟುಕೊಂಡಿದ್ರೆ ಹನ್ನೆರಡನೇ ಲಿಸ್ಟೂ ಬೇಜಾರಾಗಲ್ಲ, ಕತೆ ಇಲ್ಲಾಂದ್ರೆ ಎರಡನೇ ಲಿಸ್ಟಿಗೇ ಆಕಳಿಕೆ.

ಒಗಟುಗಳ ವಿಷಯಕ್ಕೆ ಬಂದ್ರೆ ನನಗೆ ಅತೀ ಸಿಟ್ಟು ಬರಿಸೋದು ಎಲ್ಲಾ ಆಟದಲ್ಲೂ ಅವೇ ನಾಲ್ಕೈದು ಒಗಟು. ಮೂರು ಕಂಬದ ನಡುವೆ ಒಂದೊಂದೇ ಬಿಲ್ಲೆ, ಚಿಕ್ಕದರ ಮೇಲೆ ದೊಡ್ಡದು ಬರದ ಹಾಗೆ ವರ್ಗಾಯಿಸೋದು, ಹನೋಯ್ ಗೋಪುರ ಅಂತಾರೆ, ಫ್ರಾನ್ಸಿನ ಲೂಕಾಸ್ ಅನ್ನೋ ಗಣಿತಜ್ಞ 1883ರಲ್ಲಿ ಮಾಡಿದ್ದು. ಐದು ಬಿಲ್ಲೆ ಇದ್ರೆ ಕಮ್ಮಿ ಅಂದ್ರೂ 31 ಸಲ ಎತ್ತಿಡಬೇಕು, ಏಳಾದ್ರೆ 127. ಒಂದ್ಸಲ ಗುಟ್ಟು ಗೊತ್ತಾದ ಮೇಲೆ ಅದರಲ್ಲಿ ಯೋಚನೆ ಮಾಡೋದು ಏನೂ ಇಲ್ಲ, ಬರೀ ಕೈ ನೋವು. ಅದನ್ನ ತಗೊಂಡು ಬಂದು ಹಡಗಿನ ಬಾಗಿಲಿಗೂ ಹಾಕ್ತಾರೆ, ಮಾಟಗಾತಿ ಪೆಟ್ಟಿಗೆಗೂ ಹಾಕ್ತಾರೆ. ಅದರ ಬದಲು ಗಡಿಯಾರ ರಿಪೇರಿ ಮಾಡೋನ ಮನೆ ಬಾಗಿಲಲ್ಲಿ ಮುಳ್ಳು ತಿರುಗಿಸೋ ಒಗಟು ಇದ್ದು, ಸರಿಯಾದ ಟೈಮು ಅವನ ಮಗಳು ಸತ್ತ ಗಳಿಗೆ ಅಂತ ಗೋಡೆ ಮೇಲಿನ ಫೋಟೋದಿಂದ ಗೊತ್ತಾಗೋ ಹಾಗೆ ಮಾಡಿದ್ರೆ ಅದು ಕತೆನೂ ಆಯ್ತು, ಒಗಟೂ ಆಯ್ತು. ಚೂರು ಸರಿಸಿ ಚಿತ್ರ ಜೋಡಿಸೋ ಒಗಟು ಇದೆಯಲ್ಲ, 15 ಅಂಕಿಯ ಬಿಲ್ಲೆದು, ಅದರಲ್ಲಿ ಬಿಲ್ಲೆ ಕಿತ್ತು ಹೇಗೆಂದ್ರೆ ಹಾಗೆ ಇಟ್ಟರೆ ಅರ್ಧಕ್ಕರ್ಧ ಜೋಡಣೆ ಬಿಡಿಸೋಕೆ ಆಗೋದೇ ಇಲ್ಲ ಅಂತ 1879ರಲ್ಲೇ ಗಣಿತದಲ್ಲಿ ಸಾಬೀತಾಗಿದೆ. ಆಟ ಮಾಡೋರು ಇದನ್ನೆಲ್ಲಾ ನೋಡ್ಕೊಂಡು ಸರಿ ಇಟ್ಟಿರ್ತಾರೆ, ಆದ್ರೆ ಆಡೋಳಿಗೆ ನಡುವೆ ಸಿಕ್ಕಿಹಾಕೊಂಡಾಗ ಮೊದಲಿಂದ ಶುರು ಮಾಡೋ ಗುಂಡಿ ಒಂದು ಕೊಡದೇ ಇದ್ರೆ ಎಲ್ಲಿಗೆ ಹೋಗೋದು? ಒಗಟು ಬಿಟ್ಟು ಮುಂದಕ್ಕೆ ಹೋಗೋ ಸ್ಕಿಪ್ ಬಟನ್ ತುಂಬೋವರೆಗೂ ಸುಮ್ಮನೆ ಪರದೆ ನೋಡ್ಕೊಂಡು ಕೂರಬೇಕು.

ನಮ್ಮಣ್ಣನಿಗೆ ಕೆಂಪು ಹಸಿರು ವ್ಯತ್ಯಾಸ ಗೊತ್ತಾಗಲ್ಲ, ಹುಟ್ಟಿನಿಂದಲೇ. ಗಂಡಸರಲ್ಲಿ ಇದು ಹೆಂಗಸರಿಗಿಂತ ಬಹಳ ಜಾಸ್ತಿ. ಅವನು ಬಂದಾಗ ಕೆಂಪು ವೈರಿಗೆ ಕೆಂಪು, ಹಸಿರಿಗೆ ಹಸಿರು ಸೇರಿಸೋ ಒಗಟು ಬಂತು ಅಂದ್ರೆ ಫೋನ್ ನನ್ನ ಕಡೆ ತಳ್ತಾನೆ. ಬಣ್ಣದ ಜೊತೆ ಒಂದೊಂದು ಗುರುತು, ಚುಕ್ಕೆ ಗೆರೆ ಏನಾದ್ರೂ ಹಾಕಿದ್ರೆ ಮುಗೀತು, ಹೆಚ್ಚು ಖರ್ಚೂ ಬರಲ್ಲ.

ಸಾಮಾನು ಬಳಸೋ ವಿಷಯದಲ್ಲಂತೂ ಅಮ್ಮನ ಕೈಲಿ ಈ ಆಟ ಮಾಡೋರು ಒಂದು ದಿನ ಪಾಠ ಹೇಳಿಸ್ಕೊಬೇಕು. ನಮ್ಮ ಕೈಲಿ ಕೊಡಲಿ ಇರುತ್ತೆ, ಎದುರಿಗೆ ಎರಡು ಹಲಗೆ ಹೊಡೆದ ಬಾಗಿಲು, ಕೊಡಲಿ ಇಟ್ರೆ "ಇದು ಇಲ್ಲಿ ಕೆಲಸ ಮಾಡಲ್ಲ" ಅನ್ನುತ್ತೆ, ಮೊಳೆ ಕೀಳೋ ಸಲಾಕೆನೇ ಬೇಕು, ಆ ಸಲಾಕೆ ಮೂರು ರೂಮು ಆಚೆ ಒಂದು ಕಪಾಟಲ್ಲಿ, ಆ ಕಪಾಟಿಗೆ ಬೀಗ, ಬೀಗಕ್ಕೆ ಹದ್ದಿನ ಆಕಾರದ ಲಾಂಛನ, ಅದು ಮೂರು ತುಂಡಾಗಿ ಮೂರು ಕಡೆ. ಅಷ್ಟೆಲ್ಲಾ ಮಾಡಿ ಹಲಗೆ ಕಿತ್ತ ತಕ್ಷಣ ಸಲಾಕೆ ಮಾಯ, ಮುಂದಿನ ಬಾಗಿಲಿಗೆ ಇನ್ನೊಂದು ಸಲಾಕೆ ಹುಡುಕು. ಅಮ್ಮ ಕೇಳಿದ್ರು, "ಒಂದು ಚಾಕುಲಿ ಹಗ್ಗನೂ ಕತ್ತರಿಸಬಹುದು, ಹಣ್ಣೂ ಹೆಚ್ಚಬಹುದು, ಇವರ ಮನೇಲಿ ಹಗ್ಗಕ್ಕೊಂದು ಚಾಕು ಹಣ್ಣಿಗೊಂದು ಚಾಕಾ?" ಅಂತ. ನಾವು ಒಂದು ಸಾಮಾನಿಗೆ ಹತ್ತು ಕೆಲಸ ಕಂಡುಕೊಂಡು ಬದುಕಿದೋರು, ಸೀರೆ ಸೆರಗು ಮಸಿಬಟ್ಟೆನೂ ಹೌದು, ಗಂಟು ಕಟ್ಟೋ ಚೀಲನೂ ಹೌದು. ಅಂಥೋರಿಗೆ ಬೇರೆ ದಾರಿ ಹೊಳೆದ್ರೆ ಆಟ ಅದಕ್ಕೂ ಒಪ್ಪಬೇಕು, ಇಲ್ಲಾಂದ್ರೆ ಯಾಕೆ ಆಗಲ್ಲ ಅಂತ ಒಂದು ಸಾಲಾದ್ರೂ ಹೇಳಬೇಕು, "ಕೊಡಲಿ ಹಿಡಿ ಸಡಿಲ ಇದೆ" ಅಂದ್ರೂ ಸಾಕು, ಮನಸ್ಸು ಒಪ್ಪುತ್ತೆ. ಒಳ್ಳೇ ಆಟಗಳಲ್ಲಿ ಒಂದು ನಕ್ಷೆ ಇರುತ್ತೆ, ಯಾವ ರೂಮಲ್ಲಿ ಇನ್ನೂ ಕೆಲಸ ಬಾಕಿ ಇದೆ ಅಂತ ಗುರುತು ಹಾಕಿರುತ್ತೆ, ಮುಟ್ಟಿದ್ರೆ ಸೀದಾ ಅಲ್ಲಿಗೇ ಕರ್ಕೊಂಡು ಹೋಗುತ್ತೆ. ಅದೊಂದಿದ್ರೆ ನಮ್ಮ ಅರ್ಧ ಅಲೆದಾಟ ತಪ್ಪುತ್ತೆ.

ಇಷ್ಟೆಲ್ಲಾ ಕೊರತೆಗಳನ್ನ ಸಹಿಸಬಹುದು. ಸಹಿಸೋಕಾಗದ್ದು ಫೋನ್ ಆಟಗಳ ಎನರ್ಜಿ ಅನ್ನೋದು. ಎರಡು ವರ್ಷದ ಹಿಂದೆ ಒಂದು ಆಟ ಹಾಕಿಕೊಂಡ್ವಿ, ಹೆಸರು ಬೇಡ. ಚಿತ್ರ ಕಣ್ಣಿಗೆ ಹಬ್ಬ, ಇಳಿಸಿಕೊಳ್ಳೋಕೆ ಫ್ರೀ. ಒಂದೊಂದು ಸೀನ್ ಆಡೋಕೂ ಇಷ್ಟು ಎನರ್ಜಿ ಖರ್ಚು, ನಾಲ್ಕೈದು ಸೀನ್‌ಗೆ ಖಾಲಿ, ಮತ್ತೆ ತುಂಬೋಕೆ ಗಂಟೆಗಟ್ಟಲೆ ಕಾಯಬೇಕು, ಇಲ್ಲಾ ದುಡ್ಡು ಕೊಡಬೇಕು. ಸರಿ ಕಾಯೋಣ ಅಂದ್ರೆ ಕತೆಯ ಮುಂದಿನ ಭಾಗ ತೆರೆಯೋಕೆ ನಕ್ಷತ್ರ ಬೇಕು, ನಕ್ಷತ್ರಕ್ಕೆ ಅದೇ ಸೀನ್ ಮತ್ತೆ ಮತ್ತೆ ಆಡಬೇಕು. ಒಂದು ತೋಟದ ಚಿತ್ರ ಅಮ್ಮ ಎಷ್ಟು ಸಲ ಆಡಿದ್ರು ಅಂದ್ರೆ ಚಿತ್ರ ಬರೋ ಮೊದಲೇ "ಛತ್ರಿ ಬೆಕ್ಕಿನ ಹಿಂದೆ, ಬೀಗದಕೈ ಕಾರಂಜಿ ಮೇಲೆ" ಅಂತ ಹೇಳೋರು. ಅದು ಹುಡುಕೋದಾ? ಅದು ಬಾಯಿಪಾಠ. ಅವರಿಗೆ ಆ ಕತೇಲಿ ಕೊಲೆ ಮಾಡಿದ್ದು ಯಾರು ಅಂತ ತಿಳ್ಕೊಳ್ಳೋ ಆಸೆ, ಅವರ ಮುಖ ನೋಡಿ ನಾನು 89 ರೂಪಾಯಿ, 179 ರೂಪಾಯಿ ಅಂತ ಆಗಾಗ ಕೊಟ್ಟೆ, ತಿಂಗಳ ಕೊನೇಲಿ ಕೂಡಿಸಿ ನೋಡಿದ್ರೆ 1,100 ದಾಟಿತ್ತು. ಕೊಲೆಗಾರ ಮಾತ್ರ ಸಿಕ್ಕಿರಲಿಲ್ಲ, ಪ್ರತಿ ವಾರ ಹೊಸ ಅಧ್ಯಾಯ ಸೇರಿಸ್ತಾ ಹೋಗ್ತಾರೆ, ಕತೆಗೆ ಕೊನೆನೇ ಇಲ್ಲ. ಅಮ್ಮನೇ ಒಂದು ದಿನ "ಬೇಡ ಬಿಡೇ, ಇವರು ಹೇಳಲ್ಲ" ಅಂತ ಫೋನ್ ಕೆಳಗಿಟ್ಟರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತೆ. ಆಟದಲ್ಲಿ ಸೋತಿದ್ರೆ ಬೇಜಾರಿರಲಿಲ್ಲ, ಅವರು ಸೋತಿರಲಿಲ್ಲ. ಒಂದೇ ಸಲ ಇಷ್ಟು ಅಂತ ದುಡ್ಡು ತಗೊಂಡು ಪೂರ್ತಿ ಆಟ ಕೊಡಿ, ನಾವು ಕೊಡ್ತೀವಿ, ಪುಸ್ತಕ ತಗೊಳ್ಳಲ್ವಾ ಹಾಗೆ.

ಅದಾದ ಮೇಲೆ ಅಣ್ಣನ ಮಗನೇ ಹಿಡನ್ ಫೋಕ್ಸ್ ಅನ್ನೋದನ್ನ ಹಾಕಿಕೊಟ್ಟ. 2017ರಲ್ಲಿ ಬಂದಿದ್ದು, ಏಡ್ರಿಯಾನ್ ಡಿ ಯಾಂಗ್ ಮತ್ತೆ ಸಿಲ್ವೇನ್ ಟೆಗ್ರೋಗ್ ಅನ್ನೋ ಇಬ್ಬರು ಮಾಡಿದ್ದು. ಬಣ್ಣನೇ ಇಲ್ಲ, ಕಪ್ಪು ಗೆರೇಲಿ ಕೈಯಲ್ಲಿ ಬರೆದ ಚಿತ್ರ, ಕೆಳಗೆ ಏನು ಹುಡುಕಬೇಕೋ ಅದರ ಚಿಕ್ಕ ಚಿತ್ರ. ಟೈಮರ್ ಇಲ್ಲ, ದಂಡ ಇಲ್ಲ. ಟೆಂಟಿನ ಪರದೆ ಸರಿಸಬಹುದು, ಪೊದೆ ಕತ್ತರಿಸಬಹುದು, ಬಾಗಿಲು ತೆಗೀಬಹುದು, ಪ್ರಾಣಿ ಮುಟ್ಟಿದ್ರೆ ಕೂಗುತ್ತೆ, ಆ ಸದ್ದೆಲ್ಲಾ ಮನುಷ್ಯರೇ ಬಾಯಲ್ಲಿ ಮಾಡಿರೋದು. ಅಮ್ಮ ಮೊದಲನೇ ದಿನ ಏನೂ ಹುಡುಕಲಿಲ್ಲ, ಅರ್ಧ ಗಂಟೆ ಮೊಸಳೆ ಚುಚ್ಚಿ ಚುಚ್ಚಿ ಅದರ ಸದ್ದು ಕೇಳಿ ನಗ್ತಾ ಕೂತಿದ್ರು. ಆಮೇಲೆ ಶುರು ಮಾಡಿದ್ರು ನೋಡಿ, ನನ್ನನ್ನ ಒಂದು ಮಾತೂ ಕೇಳದೇ ಒಂದು ಇಡೀ ಚಿತ್ರ ಮುಗಿಸಿದ್ರು. ಅಲ್ಲಿ ಕತೆ ಇಲ್ಲ, ಒಗಟೂ ಹೆಚ್ಚಿಲ್ಲ, ಸಾಹಸದ ಆಟ ಅನ್ನೋಕಾಗಲ್ಲ, ಆದ್ರೆ ಬಚ್ಚಿಡೋ ನಿಯತ್ತು ಇದೆ.

ನನ್ನ ಕೋರಿಕೆ ಎರಡು. ಬೆಂಗಳೂರಲ್ಲಿ ಗೇಮ್ ಮಾಡೋ ಹುಡುಗ ಹುಡುಗೀರು ಇಷ್ಟು ಜನ ಇದ್ದೀರಲ್ಲ, ನಮಗೊಂದು ಕನ್ನಡದ ಹುಡುಕಾಟ ಮಾಡಿಕೊಡಿ. ಹಳೇ ತೊಟ್ಟಿಮನೆ ಅಟ್ಟ ಒಂದು ಸಾಕು, ಒನಕೆ, ಮೊರ, ಈಳಿಗೆಮಣೆ, ಅಡಕತ್ತರಿ, ಕಡಗೋಲು, ಪಾವು ಸೇರು, ಅಳಗುಳಿಮಣೆ, ಲಾಟೀನು, ಅಲ್ಲಿ ಬಚ್ಚಿಡೋಕೆ ಕತ್ತಲು ಮಾಡೋದೇ ಬೇಡ. ಹೆಸರಿನ ಚಮತ್ಕಾರಕ್ಕೆ ನಮ್ಮಲ್ಲೇನು ಕಮ್ಮಿ, ಗರಿ ಅಂದ್ರೆ ನವಿಲಿಂದೋ ತೆಂಗಿಂದೋ, ಕೊಂಬು ಅಂದ್ರೆ ಎತ್ತಿಂದೋ ಊದೋ ಕೊಂಬೋ, ಹಲ್ಲು ಅಂದ್ರೆ ಬಾಚಣಿಗೆದೋ ಗರಗಸದ್ದೋ ಅಜ್ಜನ ಕಟ್ಟಿಸಿದ ಹಲ್ಲೋ. ಬೇಲೂರಿನ ನೊಣ ಹಲ್ಲಿನೂ ಎಲ್ಲಾದ್ರೂ ಒಂದು ಕಡೆ ಇಡಿ. ಅಕ್ಷರ ದೊಡ್ಡದಿರಲಿ, ಓದಿ ಹೇಳೋ ದನಿ ಇದ್ರೆ ಇನ್ನೂ ಒಳ್ಳೇದು, ಎನರ್ಜಿ ಗಿನರ್ಜಿ ಬೇಡ.

ಎರಡನೇದು ನಿಮಗೆ. ಸಿನಿಮಾಕ್ಕೆ ಪುಸ್ತಕಕ್ಕೆ ವಿಮರ್ಶೆ ಹಾಕೋ ಹಾಗೆ ಭಾನುವಾರದ ಪುರವಣಿಲಿ ತಿಂಗಳಿಗೊಂದ್ಸಲ ಇಂಥ ಆಟಗಳ ಬಗ್ಗೆಯೂ ಬರೆಸಿ, ಯಾವುದು ಪೂರ್ತಿ ಕತೆ ಕೊಡುತ್ತೆ, ಯಾವುದು ನಡುವೆ ದುಡ್ಡು ಕೇಳುತ್ತೆ, ವಯಸ್ಸಾದೋರ ಕಣ್ಣಿಗೆ ಆಗುತ್ತಾ ಅಂತ. ಹಾಗೇ ಒಂದು ಕಡೆ ಕಾಲು ಪುಟದ ಹುಡುಕೋ ಚಿತ್ರನೂ ಹಾಕಿ, ದೊಡ್ಡೋರಿಗೆ ಅಂತಲೇ. ಅಮ್ಮ ನಿಮ್ಮ ಪೇಪರಲ್ಲಿ ಈಗ ಪಂಚಾಂಗ ಮತ್ತೆ ಮಳೆ ಎಲ್ಲಿ ಎಷ್ಟು ಬಂತು ಅನ್ನೋದು ಮಾತ್ರ ಓದಿ ಮಡಚಿಡ್ತಾರೆ. ಚಿತ್ರ ಹಾಕೋ ವಾರ ದಯವಿಟ್ಟು ಮುಂಚೆನೇ ತಿಳಿಸಿ, ಪೇಪರ್ ಹಾಕೋ ಹುಡುಗನಿಗೆ ಇನ್ನೊಂದು ಪ್ರತಿ ಹೇಳಬೇಕು, ಇಬ್ಬರಿಗೂ ಒಂದೇ ಸಾಲಲ್ಲ.

ಇಂತಿ,
ನಿಮ್ಮ ಓದುಗಳು, ಹಾಸನ